ಹೂಂ ಅನ್ನದ ಕ್ಲಾಸು

ನೆಪೋಲಿಯನ್ ಮಾಸ್ಕೋದ ಬಾಗಿಲಿಗೆ ಬಂದು ನಿಂತರೂ ಕ್ಲಾಸಿನಲ್ಲಿ ಯಾರೂ ಹೂಂ ಅನ್ನಲಿಲ್ಲ.

ಉಳಿವೆಪ್ಪ ಮಾಸ್ತರರು ಅದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿ ಕಾದರು. ಹುಡುಗರು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಹಿಂದಿನ ಬೆಂಚಿನಲ್ಲಿ ವಿಶ್ವವಿದ್ಯಾಲಯದಿಂದ ಬಂದ ಮೂವರು, ಪಾಠ ಹೇಳುವವರಿಗೇ ಮಾರ್ಕು ಹಾಕಲು ಬಂದವರು. ವಿಷಯಜ್ಞಾನಕ್ಕಿಷ್ಟು, ಉಚ್ಚಾರಕ್ಕಿಷ್ಟು, ಕ್ಲಾಸಿನ ಶಿಸ್ತಿಗಿಷ್ಟು ಎಂದು ಅಚ್ಚು ಹಾಕಿಸಿದ ಹಾಳೆ ಅವರ ತೊಡೆಯ ಮೇಲಿತ್ತು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತವರು ಕಾಲೇಜಿನ ಚೇರ್ಮನ್ ಕರಬಸಪ್ಪನವರು. ಶಿಸ್ತು ಅವರ ಮುಖದಲ್ಲೂ ಧಾರಾಳವಾಗಿತ್ತು.

ಸವಣೂರಿನ ಆ ಕಾಲೇಜಿಗೆ ಆಗಿನ್ನೂ ಎರಡೇ ವರ್ಷ. ಅರವತ್ನಾಲ್ಕನೆಯ ಇಸವಿ. ಓದಲು ಬರುತ್ತಿದ್ದವರು ಸುತ್ತಲಿನ ಹಳ್ಳಿಯವರು. ಅವರ ಊರುಗಳಲ್ಲಿ ಯಾರಾದರೂ ಕಥೆ ಹೇಳುತ್ತಿದ್ದರೆ ಕೇಳುವವನು ಮಾತಿಗೊಮ್ಮೆ ಹೂಂ ಅನ್ನಬೇಕು. ಅನ್ನದಿದ್ದರೆ ಹೇಳುವವನು ಮೈ ಕೊಡವಿ ಎದ್ದು ಹೋಗುವುದೂ ಉಂಟು. ಹುಡುಗರು ಆ ರೂಢಿಯನ್ನು ಸೀದಾ ಕಾಲೇಜಿಗೂ ಹೊತ್ತು ತಂದಿದ್ದರು. ಇವರೇನು ನನ್ನನ್ನು ಗೇಲಿ ಮಾಡುತ್ತಿದ್ದಾರೆಯೇ ಎಂದು ಉಳಿವೆಪ್ಪನವರಿಗೆ ಮೊದಮೊದಲು ಸಿಟ್ಟೇ ಬಂದಿತ್ತು. ಆಮೇಲೆ ನೋಡಿದರೆ ಅದರಷ್ಟು ಉಪಕಾರದ ಸಂಗತಿ ಬೇರೆ ಇರಲಿಲ್ಲ. ಪಾಠ ತಲೆಗೆ ಹೋದರೆ ಹೂಂ ತುಂಬಿಕೊಂಡು ಬರುತ್ತಿತ್ತು, ಹೋಗದಿದ್ದರೆ ತೆಳ್ಳಗಾಗುತ್ತಿತ್ತು. ಎಲೆತೋಟದವರ ಮನೆಯ ದಿಲಾವರನ ದಪ್ಪ ದನಿಯ ಹೂಂ ನಿಂತಿತೆಂದರೆ ಮಾಸ್ತರರು ಹಿಂದಕ್ಕೆ ಹೋಗಿ, ಇಂಗ್ಲಿಷ್ ಬದಿಗಿಟ್ಟು, ಮೊದಲಿನಿಂದ ಹೇಳುತ್ತಿದ್ದರು.

ಇದು ಕರಬಸಪ್ಪನವರ ಕಿವಿಗೆ ಬಿದ್ದದ್ದು ಹಿಂದಿನ ದಿನವಷ್ಟೇ. ಬಂದವರೇ ಹುಡುಗರನ್ನೆಲ್ಲ ನಿಲ್ಲಿಸಿ ತಾಕೀತು ಮಾಡಿದ್ದರು.

"ನಾಳಿ ಯಾವನರ ಹೂಂ ಅಂದ್ರ ನೋಡ್ರಿ ಮತ್ತ! ಇದೇನು ಪುರಾಣ ಹಚ್ಚಿದ ಕಟ್ಟಿ ಅಂತ ತಿಳದೀರೇನು? ಬಂದವರು ಧಾರವಾಡದಾಗ ನಮ್ಮನ್ನ ಆಡಿಕೊಂಡು ನಗಬೇಕೇನು?"

ಮಾಸ್ತರರನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ್ದರು. "ಅವರು ಛಲೋ ಅಂದ್ರ ನೀವು ಕಾಯಂ ಆಗ್ತೀರಿ. ಇಲ್ಲಾಂದ್ರ ನನ್ನ ಕೈಯಾಗ ಏನೂ ಇಲ್ರಿ."

ಹಿರೇಕೆರೂರಿನ ಹೈಸ್ಕೂಲಿನ ಕಾಯಂ ನೌಕರಿಯನ್ನು ಬಿಟ್ಟು ಬಂದ ಮನುಷ್ಯ ಉಳಿವೆಪ್ಪನವರು. "ಇದ್ದ ನೌಕರಿ ಬಿಟ್ಟು ಕಾಲೇಜ ಕಾಲೇಜ ಅಂತ ಯಾಕ ಕುಣೀತೀರಿ?" ಎಂದು ಹೆಂಡತಿ ನಾಗವ್ವ ಆಗಲೇ ಕೇಳಿದ್ದಳು. ಹೈಸ್ಕೂಲಿನ ಆ ಜಾಗಕ್ಕೆ ಬೇರೆಯವರು ಬಂದು ಕೂತಾಗಿತ್ತು. ಇಲ್ಲಿ ಬೇಡವೆಂದರೆ ಅವರಿಗೆ ಇನ್ನೆಲ್ಲೂ ನೆಲೆಯಿರಲಿಲ್ಲ.

ಈಗ ಕ್ಲಾಸಿನಲ್ಲಿ ಶಿಸ್ತು ಇತ್ತು. ಎಂಥ ಶಿಸ್ತೆಂದರೆ ಉಳಿವೆಪ್ಪನವರಿಗೆ ಕಣ್ಣು ಕಟ್ಟಿ ಬಿಟ್ಟಂತಾಗಿತ್ತು. ಹೇಳಿದ್ದು ತಿಳಿಯಿತೋ ಇಲ್ಲವೋ, ಮುಂದೆ ಹೋಗಬೇಕೋ ನಿಲ್ಲಬೇಕೋ ಒಂದೂ ಗೊತ್ತಾಗಲೊಲ್ಲದು. ಇಸವಿ ತಪ್ಪಿ ಹೇಳಿ ತಿದ್ದಿಕೊಂಡರು. ಪರೀಕ್ಷಕರಲ್ಲಿ ಚಿಕ್ಕ ವಯಸ್ಸಿನವನು ಆಕಳಿಸಿ ಹಾಳೆಯ ಮೇಲೆ ಏನೋ ಗೀಚಿದ. ಮುಗಿಯಿತು ನನ್ನ ಕಥೆ ಅಂದುಕೊಂಡರು ಮಾಸ್ತರರು. ಹೇಗೂ ಮುಗಿಯಿತು ಅನ್ನಿಸಿದ್ದಕ್ಕೋ ಏನೋ, ಬಾಯಿ ತಾನೇ ತನ್ನ ಹಳೆಯ ದಾರಿ ಹಿಡಿಯಿತು.

"ಒಳಗ ಹೋಗಿ ನೋಡ್ತಾನ, ಊರಿಗೆ ಊರ ಖಾಲಿ! ಒಲಿ ಹೊತ್ತಿಲ್ಲ, ನಾಯಿ ಬೊಗಳವಲ್ದು. ಗೆದ್ದೇನಿ ಅಂತ ಹೇಳಬೇಕಂದ್ರ ಕೇಳಾಕ ಒಬ್ಬರಿಲ್ಲ."

"ಹೂಂ," ಎಂದಿತು ಒಂದು ದನಿ.

ಹುಡುಗರು ಬೆಚ್ಚಿ ಹಿಂದಕ್ಕೆ ತಿರುಗಿ ನೋಡಿದರು. ಕರಬಸಪ್ಪನವರು ಬೈಯಲು ಎದ್ದರು, ಎದ್ದವರು ಹಾಗೇ ನಿಂತರು. ಹೂಂ ಅಂದವರು ಆ ಮೂವರ ಸಮಿತಿಯ ಮುಖ್ಯಸ್ಥರು, ಗಣಿತದ ಪ್ರೊಫೆಸರರು! ಕನ್ನಡಕ ತೆಗೆದು, ಗದ್ದಕ್ಕೆ ಕೈಕೊಟ್ಟು ಕೂತಿದ್ದರು. ತಾವು ಹೂಂ ಅಂದದ್ದು ಅವರಿಗೇ ಗೊತ್ತಿದ್ದಂತಿರಲಿಲ್ಲ. ಶಿಗ್ಗಾಂವಿ ಕಡೆಯ ಹಳ್ಳಿಯಲ್ಲಿ ಬೆಳೆದವರಂತೆ, ಅದು ಆಮೇಲೆ ತಿಳಿದದ್ದು.

"ರಾತ್ರಿ ಊರಿಗೆ ಬೆಂಕಿ ಬಿತ್ತು," ಎಂದರು ಮಾಸ್ತರರು.

"ಹೂಂ," ಎಂದ ದಿಲಾವರ. ಆಮೇಲೆ ಇಡೀ ಕ್ಲಾಸು ಅಂದಿತು. ಉಳಿವೆಪ್ಪನವರಿಗೆ ಹೋದ ಜೀವ ಬಂದಂತಾಯಿತು. ಶರಣು ಬರುವ ದೊರೆಗಾಗಿ ನೆಪೋಲಿಯನ್ ಕಾದದ್ದು, ದೊರೆ ಬಾರದ್ದು, ಚಳಿ ಬಂದದ್ದು ಎಲ್ಲ ಹೇಳಿದರು. ಹಿಮ ಎಂದಾಗ ಹೂಂ ತೆಳ್ಳಗಾಯಿತು. ನಿಂತು, ಹಿಮವೆಂದರೇನೆಂದು ಹೇಳಿ, ಹೂಂ ಮತ್ತೆ ತುಂಬಿಕೊಂಡ ಮೇಲೆ ಸೈನ್ಯವನ್ನು ಹಿಂದಕ್ಕೆ ಹೊರಡಿಸಿದರು. ಸೈನ್ಯ ಅರ್ಧ ದಾರಿಯಲ್ಲಿದ್ದಾಗ ಗಂಟೆ ಹೊಡೆಯಿತು.

ಹೊರಗೆ ಜೀಪು ಸಿದ್ಧವಾಗಿತ್ತು. ಬಂದವರು ಯಲವಿಗಿ ಸ್ಟೇಷನ್ನಿನಲ್ಲಿ ಹುಬ್ಬಳ್ಳಿಯ ರೈಲು ಹಿಡಿಯಬೇಕಿತ್ತು. ಕರಬಸಪ್ಪನವರು ಕೈಮುಗಿದು, "ಹುಡುಗರು ಸ್ವಲ್ಪ ಹಳ್ಳಿ ಮಂದಿ, ತಪ್ಪು ತಿಳಕೋಬ್ಯಾಡ್ರಿ," ಎಂದು ಶುರು ಮಾಡಿದರು.

"ಈ ಮಾಸ್ತರನ್ನ ಬಿಡಬ್ಯಾಡ್ರಿ," ಎಂದರು ಪ್ರೊಫೆಸರರು. "ನಾ ಬರದ ಕೊಡ್ತೇನಿ." ಆಮೇಲೆ ಉಳಿವೆಪ್ಪನವರ ಕಡೆಗೆ ತಿರುಗಿ, "ನೀವು ಜೀಪ್ ಹತ್ರಿ. ಮುಂದ ಏನಾತು? ನಾ ಗಣಿತದಾಂವ, ನನಗ ಗೊತ್ತಿಲ್ಲ."

ಚೇರ್ಮನ್ನರಿಗೆಂದು ಬಿಟ್ಟಿದ್ದ ಜಾಗದಲ್ಲಿ ಮಾಸ್ತರರು ಕೂತರು. ಜೀಪಿನಲ್ಲಿ ಕಥೆ ಮುಗಿಯಲಿಲ್ಲ, ಪ್ಲಾಟ್‌ಫಾರ್ಮಿನಲ್ಲೂ ಮುಗಿಯಲಿಲ್ಲ. ರೈಲು ಹೊರಟಾಗ ಪ್ರೊಫೆಸರರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಉಳಿವೆಪ್ಪನವರು ಧೋತರ ಎತ್ತಿ ಹಿಡಿದು, ಹೇಳುತ್ತ ಹೇಳುತ್ತ ರೈಲಿನ ಜೊತೆ ಓಡಿದರು. ಸೈನ್ಯವನ್ನು ನದಿ ದಾಟಿಸುವಷ್ಟರಲ್ಲಿ ಪ್ಲಾಟ್‌ಫಾರ್ಮು ಮುಗಿಯಿತು.

ಏದುಸಿರು ಬಿಡುತ್ತ ಮರಳಿದರು. ನಗು ತಡೆಯಲಾಗುತ್ತಿರಲಿಲ್ಲ. ಹರಿಹರದ ಗಾಡಿಗಾಗಿ ಗಂಟು ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ ಮುದುಕಿಯೊಬ್ಬಳು ಅವರನ್ನೇ ನೋಡುತ್ತಿದ್ದಳು.

"ತಮ್ಮಾ, ಆ ರಾಜಾ ಮನಿ ಮುಟ್ಟಿದನೇನು?"

"ಮುಟ್ಟಿದನಬೇ," ಎಂದರು ಉಳಿವೆಪ್ಪನವರು. "ಮಂದಿ ಬಾಳ ಸತ್ರು. ಅವ ಮುಟ್ಟಿದ."

ಮುದುಕಿ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡು ಅವರಿಗೆ ಕೂರಲು ಜಾಗ ಮಾಡಿದಳು.