ಪಹಾಡ್ಯಾನ ಮೂಗಿನ ಮೇಲಿನ ವೀರ

ಪಹಾಡ್ಯಾ ಎಂದರೆ ನಮ್ಮ ಎತ್ತು. ಅದು ಮುಧೋಳದಲ್ಲಿ ನಿಂತರೆ ನೆರಳು ಸೇಡಂ ದಾಟಿ ಚಿತ್ತಾಪುರದ ಬಿಸಿಲನ್ನು ತಡೆಯುತ್ತದೆ. ಒಮ್ಮೆ ಅದು ಮೈ ಕೊಡವಿದ್ದಕ್ಕೆ ಶಹಾಬಾದದ ಖಣಿಯಲ್ಲಿ ಫರ್ಸಿಕಲ್ಲಿನ ಚಪ್ಪಡಿಗಳು ತಾವಾಗಿಯೇ ಎದ್ದು ಬಂದವು. ನಂಬದವರು ಹೋಗಿ ಕಲ್ಲನ್ನೇ ಕೇಳಲಿ.

ಕಾರಹುಣ್ಣಿಮೆಗೆ ಮುಂಚೆ ಚಹಾದಂಗಡಿಯಲ್ಲಿ ಪಂಥ ಕಟ್ಟಿದೆ. ಊರ ಅಗಸಿ ಬಾಗಿಲಿಗೆ ಕಟ್ಟಿದ ಬೇವಿನ ತೋರಣವನ್ನು ಓಡಿ ಬಂದು ಮೊದಲು ಹರಿಯುವುದು ಪಹಾಡ್ಯಾನೇ. ಇಲ್ಲವಾದರೆ ದೀಪಾವಳಿಯವರೆಗೆ ನಾನು ಬಾಯಿ ತೆರೆಯುವುದಿಲ್ಲ.

"ಹಂಗಾದ್ರ ಊರಿಗೆಲ್ಲಾ ಭಾಳ ಆರಾಮ ಆಗ್ತದ," ಎಂದ ಎದುರಾಳಿ ಎತ್ತಿನ ಧಣಿ ಮಜೀದಸಾಬ. "ರೇವಣಪ್ಪಣ್ಣ, ಬೇಕಾದ್ರ ಇವತ್ತೇ ಸುರು ಮಾಡ್ರಿ."

ಊಟವಿಲ್ಲದೆ ಆರು ತಿಂಗಳು ಇದ್ದವನು ನಾನು; ಮಾತಿಲ್ಲದೆ ಅರ್ಧ ಬೀಡಿ ಸೇದುವಷ್ಟು ಹೊತ್ತೂ ಇದ್ದವನಲ್ಲ.

ಪಹಾಡ್ಯಾನ ಕವಡೆ ಸರ ಹಳೆಯದಾಗಿತ್ತು. ವಾಡಿಯಲ್ಲಿ ರೈಲ್ವೆ ನೌಕರಿಯಲ್ಲಿರುವ ಗೆಳೆಯ ಸುರೇಶಕುಮಾರ ಮುಂಬೈ ಕಡಲ ದಂಡೆಯಲ್ಲಿ ತಾನೇ ಆಯ್ದ ಚಿಪ್ಪುಗಳನ್ನು ತಂದುಕೊಟ್ಟ. ಕಡಲು ಕಾಣದ ನಮಗೆ ಚಿಪ್ಪೂ ಒಂದೇ, ಮಣಿಯೂ ಒಂದೇ. ಒಳಗೆ ಯಾರಿದ್ದೀರಿ ಎಂದು ಮಣಿಯನ್ನು ಯಾರು ಕೇಳುತ್ತಾರೆ? ನನ್ನ ಹೆಂಡತಿ ಮಹಾದೇವಮ್ಮ ಅವಕ್ಕೆ ದಾರ ಸುತ್ತಿ ಸರ ಮಾಡಿದಳು. ಅಡಿಕೆಯಷ್ಟಿದ್ದ ಚೆಂದದ ಚಿಪ್ಪೊಂದನ್ನು ಎತ್ತಿನ ಹಣೆಗೆ ಇಳಿಬಿಟ್ಟಳು.

ಹುಣ್ಣಿಮೆಯ ಸಂಜೆ ಎತ್ತುಗಳಿಗೆ ನೀರೆರಚಿ ಓಡಲು ಬಿಟ್ಟೆವು. ಪಹಾಡ್ಯಾ ಗಾಳಿಯನ್ನೇ ಹಿಂದೆ ಹಾಕಿತು. ಮಜೀದಸಾಬನ ಎತ್ತು ಧೂಳಿನಲ್ಲಿ ಎಲ್ಲೋ ಇತ್ತು. ತೋರಣ ಇನ್ನೇನು ಕೊಂಬಿಗೆ ಸಿಗಬೇಕು, ನೀರು ತಾಗಿ ಎಚ್ಚೆತ್ತ ಆ ಚಿಪ್ಪಿನಿಂದ ಕೆಂಪು ಕಾಲುಗಳು ಹೊರಬಂದವು. ಒಳಗೊಂದು ಏಡಿ, ಖಾಲಿ ಚಿಪ್ಪಿನಲ್ಲಿ ಮನೆ ಮಾಡಿಕೊಳ್ಳುವ ಜಾತಿಯದು!

ಪಹಾಡ್ಯಾ ಗಕ್ಕನೆ ನಿಂತಿತು.

"ಓಡೋ ನಮ್ಮಪ್ಪಾ, ಏನ್ ನೋಡಾಕತ್ತೀ!" ಎಂದು ಕೂಗಿದೆ.

ಏಡಿ ಚಿಪ್ಪಿನ ಸಮೇತ ಮೂಗಿನ ಮೇಲಿಳಿದು, ಹಾಲುಹಲ್ಲಿನಷ್ಟು ಸಣ್ಣ ಇಕ್ಕಳವನ್ನು ಎತ್ತಿ ಹಿಡಿಯಿತು. ಅದರ ಕಣ್ಣು ಸಾಸಿವೆ. ಎದುರಿನ ಕಣ್ಣು ತುಂಬಿದ ಬಾವಿ. ಎತ್ತು ಉಸಿರು ಬಿಟ್ಟಿದ್ದರೆ ಏಡಿ ಚಿಂಚೋಳಿಯ ಕಾಡಿಗೆ ಹೋಗಿ ಬೀಳುತ್ತಿತ್ತು. ಎತ್ತು ಉಸಿರು ಬಿಡಲಿಲ್ಲ. ಏಡಿಯೂ ಹಿಂದೆ ಸರಿಯಲಿಲ್ಲ. ಹಲಗೆ ಬಡಿಯುತ್ತಿದ್ದವರ ಕೈ ಹಾಗೇ ನಿಂತವು.

ನಾನು ಬಾರುಕೋಲು ಬೀಸಿದ್ದರೆ ಪಹಾಡ್ಯಾ ಓಡುತ್ತಿತ್ತು, ಏಡಿ ಗೊರಸಿಗೆ ಸಿಕ್ಕು ಪುಡಿಯಾಗುತ್ತಿತ್ತು. ಕೋಲು ಕೈಯಲ್ಲೇ ಇತ್ತು. ಕೈ ಮಾತ್ರ ಏಳಲಿಲ್ಲ. ಅಷ್ಟು ಸಣ್ಣ ಮೈಯಲ್ಲಿ ಅಷ್ಟೊಂದು ಧೈರ್ಯವನ್ನು ಶಿವ ಹೇಗೆ ಮಡಚಿಟ್ಟನೋ!

ಅಷ್ಟರಲ್ಲಿ ಮಜೀದಸಾಬನ ಎತ್ತು ಬದಿಯಿಂದ ಬಂದು ತೋರಣ ಹರಿಯಿತು. ಅದನ್ನು ಯಾರೂ ನೋಡಲಿಲ್ಲ. ಮಜೀದಸಾಬನೂ ನನ್ನ ಪಕ್ಕದಲ್ಲೇ ನಿಂತಿದ್ದ.

"ಯಾ ಅಲ್ಲಾ," ಎಂದು ಪಿಸುಗುಟ್ಟಿದ, "ಇದರ ಎದಿ ನೋಡ್ರಿ!"

ಮರುದಿನ ಸುರೇಶಕುಮಾರ ಏಡಿಯನ್ನು ಒದ್ದೆ ಮರಳಿನ ಡಬ್ಬಿಯಲ್ಲಿಟ್ಟು ಕಡಲಿಗೆ ಬಿಡಲು ಮುಂಬೈಗೆ ಹೊರಟ. ಬೀಳ್ಕೊಡಲು ಪಂಥ ಸೋತ ನಾನೂ ಬಾಯಿ ಮುಚ್ಚಿಕೊಂಡು ವಾಡಿಗೆ ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಮುದುಕಿ ಮುಚ್ಚಿದ ಡಬ್ಬಿಯತ್ತ ಬೆರಳು ತೋರಿಸಿ, "ಯಪ್ಪಾ, ಎತ್ತು ನಿಲ್ಲಿಸಿದ್ದು ಇದೇ ಏನು? ಎಷ್ಟ್ ದೊಡ್ಡದದ?" ಎಂದು ನನ್ನನ್ನೇ ಕೇಳಿದಳು.

ಎರಡೂ ಕೈ ಚಾಚಿ ತೋರಿಸಿದೆ. ಸಾಲಲಿಲ್ಲ. ಅವಳನ್ನು ಅಲ್ಲೇ ನಿಲ್ಲಿಸಿ, ಅಳತೆ ತೋರಿಸಲು ಪ್ಲಾಟ್‌ಫಾರ್ಮಿನ ಇನ್ನೊಂದು ತುದಿಯತ್ತ ನಡೆಯತೊಡಗಿದೆ.