ನೋವು ನಿಂತ ದಿನ

"ಎಲ್ಲಿ ನೋವು, ಸರಿಯಾಗಿ ಹೇಳು. ಬೆರಳಿಟ್ಟು ತೋರ್ಸು."

ಮೊಬೈಲಿನೊಳಗೆ ಮಗಳು ಹೊಕ್ಕುಳ ಸುತ್ತ ಬೆರಳಾಡಿಸಿದಳು. ಇಲ್ಲೇ ಅಂತ ಇಲ್ಲ, ಸುತ್ತಲೂ ಕಿವುಚಿದ ಹಾಗಾಗ್ತಿದೆ ಅಂದಳು. ಅವಳ ಹಿಂದೆ ಮಂಚ, ಮಂಚಕ್ಕೆ ತಾಗಿಕೊಂಡೇ ಓದುವ ಮೇಜು, ಮೇಜಿನ ಮೇಲೆ ಪುಸ್ತಕಗಳ ನಡುವೆ ಅರ್ಧ ತಿಂದು ಬಿಟ್ಟ ಬ್ರೆಡ್ಡು. ಕಾಂಪೌಂಡರನ ಕಣ್ಣು ಬ್ರೆಡ್ಡಿನ ಮೇಲೆ ನಿಂತಿತು.

"ಹೊತ್ತಿಗೆ ಸರಿಯಾಗಿ ಊಟ ಇಲ್ಲ, ನಿದ್ದೆ ಇಲ್ಲ. ಇನ್ನೇನಾಗತ್ತೆ? ಗ್ಯಾಸು. ಹಳದಿ ಚೀಟಿ ಅಂಟಿಸಿದ್ದು ಒಂದು ತಗೋ, ನೋವಿನ ಮಾತ್ರೆ ಒಂದು. ಬಿಸಿನೀರು ಕುಡಿದು ಮಲ್ಕೋ."

"ಆಸ್ಪತ್ರೆಗೆ ಹೋಗ್ಲಾ ಅಪ್ಪ? ಕಾಲೇಜಿನ ಪಕ್ಕದಲ್ಲೇ ಇದೆ."

"ಗ್ಯಾಸಿಗೆ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರಾ? ನಾನಿಲ್ವಾ?"

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಒಂದ್ಸಲ ತೋರಿಸ್ಕೊಳ್ಲಿ ಬಿಡಿ," ಅಂದಳು. ಅವನು ಸುಮ್ಮನಿರು ಎಂಬಂತೆ ಕೈ ಅಡ್ಡ ಮಾಡಿದ.

ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಅವನಿಗೆ ಇಪ್ಪತ್ತೆಂಟು ವರ್ಷದ ನೌಕರಿ. ಬೀದಿಯವರು 'ಅರ್ಧ ಡಾಕ್ಟ್ರು' ಅಂತಲೇ ಕರೆಯುತ್ತಿದ್ದರು. ಕೆಲವರು ತಮಾಷೆಗೆ, ಹೆಚ್ಚಿನವರು ನಿಜಕ್ಕೇ. ಡಾಕ್ಟರಮ್ಮ ಬರುವ ಮೊದಲೇ ಔಷಧಿ ಕಿಂಡಿಗೆ ಬಾಯಿಟ್ಟು ಕೆಮ್ಮು, ಭೇದಿ, ಉಳುಕು ಎಲ್ಲ ಒಪ್ಪಿಸಿ, ಅವನು ಕೊಟ್ಟದ್ದನ್ನು ನುಂಗಿ ಗುಣವಾದವರು ಎಷ್ಟೋ ಮಂದಿ. ಮಗಳು ಓದಲು ಹೊರದೇಶಕ್ಕೆ ಹೊರಟಾಗ ಅವಳಮ್ಮ ಅತ್ತಿದ್ದಳು. ಇವನು ಮೂರು ದಿನ ಕೂತು ಮಾತ್ರೆ ವಿಂಗಡಿಸಿದ್ದ. ಜ್ವರಕ್ಕೆ ಕೆಂಪು ಚೀಟಿ, ಹೊಟ್ಟೆಗೆ ಹಳದಿ, ನೆಗಡಿಗೆ ನೀಲಿ. ಒಂದೂವರೆ ವರ್ಷದಲ್ಲಿ ಅವಳು ಅಲ್ಲಿಯ ಡಾಕ್ಟರ ಮುಖ ನೋಡಿರಲಿಲ್ಲ. ಈ ಮಾತನ್ನು ಅವನು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ್ದ.

ಮರುದಿನ ಫೋನಿನಲ್ಲಿ ಅವಳ ದನಿ ಸಣ್ಣಗಿತ್ತು. "ಇನ್ನೂ ಇದೆ ಅಪ್ಪ. ಬಲಗಡೆ ಸ್ವಲ್ಪ ಕೆಳಗಿಳಿದಿದೆ."

ಔಷಧಿ ಕಿಂಡಿಯ ಮುಂದೆ ಏಳೆಂಟು ಜನ ನಿಂತಿದ್ದರು. "ಇಳೀತಿದೆ ಅಂದ್ರೆ ಹೋಗ್ತಿದೆ ಅಂತ. ಇನ್ನೊಂದು ಮಾತ್ರೆ ತಗೋ," ಎಂದು ಇಟ್ಟುಬಿಟ್ಟ.

ಮೂರನೆಯ ದಿನ ಬೆಳಿಗ್ಗೆ ಸಂದೇಶ ಬಂತು. 'ನೋವು ಪೂರ್ತಿ ನಿಂತೋಯ್ತು ಅಪ್ಪ. ಹಾಯಾಗಿದೆ. ಸ್ವಲ್ಪ ಮಲಗ್ತೀನಿ.' ಅವನು ಅದನ್ನು ಹೆಂಡತಿಗೆ ಓದಿ ಹೇಳಿ, ಕ್ಲಿನಿಕ್ಕಿಗೆ ಹೋಗಿ ಕೈ ತೊಳೆಯುತ್ತಿದ್ದ ಡಾಕ್ಟರಮ್ಮನಿಗೂ ಓದಿದ.

"ಎಲ್ಲಿತ್ತು ನೋವು?" ಎಂದು ಅವರು ಟವೆಲಿಗೆ ಕೈಯೊರೆಸುತ್ತ ಕೇಳಿದರು.

"ಮೊದ್ಲು ಹೊಕ್ಕುಳ ಸುತ್ತ. ಆಮೇಲೆ ಬಲಗಡೆ ಕೆಳಕ್ಕೆ..."

ಅಷ್ಟು ಹೇಳುವಾಗಲೇ ಅವನ ನಾಲಿಗೆ ನಿಂತಿತು. ಇದೇ ಮಾತನ್ನು ಅವನು ಕಿಂಡಿಯಾಚೆಯಿಂದ ಎಷ್ಟೋ ಸಲ ಕೇಳಿದ್ದ. ಹಾಗೆ ಹೇಳಿದವರಿಗೆ ಒಂದು ಮಾತ್ರೆಯನ್ನೂ ಕೊಡದೆ ಕೈ ಹಿಡಿದು ಒಳಗೆ ಕಳಿಸಿದ್ದ.

ಡಾಕ್ಟರಮ್ಮ ಬೈಯಲಿಲ್ಲ. "ಅಪೆಂಡಿಕ್ಸ್ ಒಡೆದ್ರೂ ನೋವು ನಿಲ್ಲತ್ತೆ, ಸ್ವಲ್ಪ ಹೊತ್ತು. ಫೋನ್ ಮಾಡು ಅವಳಿಗೆ."

ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಹನ್ನೊಂದು ಸಲ ಮಾಡಿದ. ಯಾರೋ ಕಿಂಡಿಯೊಳಗೆ ಚೀಟಿ ನೂಕಿದರು. ಅದರ ಮೇಲಿನ ಅಕ್ಷರ ಕಣ್ಣಿಗೆ ಹತ್ತಲಿಲ್ಲ. ಮಗಳ ರಕ್ತದ ಗುಂಪು, ತೂಕ, ಯಾವ ಔಷಧಿ ಅವಳಿಗೆ ಒಗ್ಗುವುದಿಲ್ಲ, ಎಲ್ಲ ಬಾಯಿಪಾಠ. ಅವಳ ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ ಅನ್ನುವುದು ಗೊತ್ತಿರಲಿಲ್ಲ. ಹೆಂಡತಿಗೆ ಗೊತ್ತಿತ್ತು. ಯಾಕೆ ಏನು ಎಂದು ಕೇಳದೆ ಅವಳು ಫೋನಿನಲ್ಲೇ ಆ ಪಕ್ಕದ ಕೋಣೆಯ ಗೆಳತಿಯ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದಳು.

ಆ ಹುಡುಗಿಗೆ ಕನ್ನಡ ಬಾರದು. ಇವನಿಗೆ ಬರುತ್ತಿದ್ದ ಇಂಗ್ಲಿಷೆಲ್ಲ ಔಷಧಿ ಡಬ್ಬಿಗಳ ಮೇಲಿನದು.

"ಡೋರ್ ಓಪನ್," ಅಂದ. "ಮೈ ಡಾಟರ್. ಸ್ಟಮಕ್. ಪ್ಲೀಸ್, ಡೋರ್ ಓಪನ್."

ಅತ್ತ ಚಪ್ಪಲಿಯ ಸದ್ದು, ಬಾಗಿಲು ಬಡಿಯುವ ಸದ್ದು, ಮಗಳ ಹೆಸರು ಕೂಗುವ ಸದ್ದು. ಆಮೇಲೆ ಯಾರೋ ತಂದ ಕೀಲಿಕೈಯ ಸದ್ದು. ಆಮೇಲೆ ಆ ಹುಡುಗಿ ಗಾಬರಿಯಲ್ಲಿ ಏನೇನೋ ಹೇಳಿದಳು. ಅವನಿಗೆ ಒಂದು ಪದವೂ ತಿಳಿಯಲಿಲ್ಲ. "ಯಸ್, ಯಸ್," ಅನ್ನುತ್ತಲೇ ಇದ್ದ. ಡಾಕ್ಟರಮ್ಮ ಅವನ ಕೈಯಿಂದ ಫೋನು ತೆಗೆದುಕೊಂಡರು.

ಜೀವ ಉಳಿಯಿತು. ಹೊಟ್ಟೆಯಲ್ಲೆಲ್ಲ ಕೀವು ಹರಡಿದ್ದರಿಂದ ಎರಡು ಸಲ ಕೊಯ್ಯಬೇಕಾಯಿತು, ಹತ್ತೊಂಬತ್ತು ದಿನ ಆಸ್ಪತ್ರೆ. ಹೋಗಿ ಬರೋಣವೆಂದರೆ ಅವನ ಬಳಿ ಪಾಸ್‌ಪೋರ್ಟೇ ಇರಲಿಲ್ಲ. 'ನಾನು ಅವತ್ತೇ ಹೇಳಿದ್ದೆ' ಎಂದು ಹೆಂಡತಿ ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳಬಹುದಿತ್ತು. ಮಗಳೂ ಅನ್ನಲಿಲ್ಲ. "ಪಾಪ, ನಿಮಗೆ ಹೇಗೆ ಗೊತ್ತಾಗ್ಬೇಕು ಅಪ್ಪ, ಅಷ್ಟು ದೂರದಿಂದ," ಅಂದಳು.

ಮೂರು ತಿಂಗಳು ಕಳೆದ ಮೇಲೆ, ಒಂದು ಭಾನುವಾರ ಅವಳು ಫೋನ್ ಮಾಡಿದಾಗ ಹೆಂಡತಿ ಮಾತಾಡಿ ಮುಗಿಸಿ ಮೊಬೈಲನ್ನು ಅವನ ಕೈಗಿತ್ತಳು.

"ಹುಷಾರಾಗಿದೀಯಾ?"

"ಹೂಂ ಅಪ್ಪ. ಚೆನ್ನಾಗಿದೀನಿ."

ಹಾಗೆಂದವಳೇ ಪರದೆಯಿಂದ ಸರಿದಳು. ಬರೀ ಚಾವಣಿ ಕಾಣುತ್ತಿತ್ತು. ಬಾಯಿಗೆ ಬಟ್ಟೆ ಒತ್ತಿ ಹಿಡಿದ ಕೆಮ್ಮು, ಒಂದು, ಎರಡು, ಸ್ವಲ್ಪ ತಡೆದು ಇನ್ನೊಂದು. ಕಫದ ಕೆಮ್ಮು. ವಾರದ್ದಾದರೂ ಇದ್ದೀತು. ಅವಳು ತಿರುಗಿ ಬಂದಾಗ ಕಣ್ಣಂಚು ಒದ್ದೆಯಾಗಿತ್ತು.

"ಧೂಳು ಜಾಸ್ತಿ ಅಪ್ಪ ಇಲ್ಲಿ," ಅಂದಳು.

ಅವನು ಅವಳ ಮುಖವನ್ನೇ ನೋಡಿದ. ಅವಳೂ ನೋಡಿದಳು. ನೀಲಿ ಚೀಟಿಯದು ತಗೋ ಎಂದು ಹೇಳಹೊರಟವನು ಮಾತು ಬದಲಿಸಿದ.

"ಅಲ್ಲಿ ಈಗ ಗಂಟೆ ಎಷ್ಟು?" ಎಂದು ಕೇಳಿದ.

ಅವಳು ಹೇಳಿದಳು. ಗೊತ್ತಿರದವನಂತೆ ಅವನು ತಲೆಯಾಡಿಸಿದ.