ಖಂಡೇನವಮಿಯ ತಲವಾರುಗಳು

ರವಿವಾರ ಪೇಟೆಯಲ್ಲಿ ಹಾಡಹಗಲೇ ತಲವಾರು ಬೀಸುತ್ತಿದ್ದ ಯಲ್ಲೇಶನ ಗುಂಪನ್ನು ಮಟ್ಟ ಹಾಕಲು ಪಿಎಸ್‌ಐ ವರದಾ ಮಳೆಗಾಲವಿಡೀ ಒದ್ದಾಡಿದ್ದಳು. ಅವನ ಮನೆಯ ಹೆಂಚು ಸರಿಸಿ ಹುಡುಕಿದರೂ ಒಂದು ಚೂರಿ ಸಿಕ್ಕಿರಲಿಲ್ಲ. ಪುಂಡರು ಅವಳ ಜೀಪು ಕಂಡರೆ ಸಿಳ್ಳೆ ಹೊಡೆಯುತ್ತಿದ್ದರು.

ವರದಾ ಹಬ್ಬದ ದಾರಿ ಕಾದಳು. ಖಾನಾಪುರದ ಅವಳ ತವರಿನಲ್ಲಿ, ಅಟ್ಟದ ಮೇಲೆ ತುಕ್ಕು ಹಿಡಿದ ಕುಡಗೋಲು ಕೂಡ ಖಂಡೇನವಮಿಯ ದಿನ ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಳ್ಳಲು ಕೆಳಗಿಳಿಯುತ್ತಿತ್ತು. ಆ ದಿನ ಬಂತು. ಪೂಜೆಯ ಹೊತ್ತಿಗೆ ಸರಿಯಾಗಿ ಅವಳು ಪೊಲೀಸರೊಂದಿಗೆ ಯಲ್ಲೇಶನ ಮನೆ ಹೊಕ್ಕಳು.

ಗುಂಪಿನ ತಲವಾರುಗಳೆಲ್ಲ ದೇವರ ಮುಂದೆ ಚೆಂಡುಹೂ ಹೊತ್ತು ಮಲಗಿದ್ದವು. ಹುಡುಗರೆಲ್ಲ ಕೈಮುಗಿದು ಕೂತಿದ್ದರು. ಯಲ್ಲೇಶ ಗಾಬರಿಯಿಂದ ಒಂದಕ್ಕೆ ಕೈ ಚಾಚಿದ. ಆ ಕೈಗೆ ಫಟ್ಟನೆ ಬಾರಿಸಿದವಳು ಅವನ ತಾಯಿ ಮಾಯಕ್ಕ.

"ಪೂಜಿಗಿ ಇಟ್ಟಿದ್ದನ್ನ ನಾಳಿತನಕ ಮುಟ್ಟಬಾರದಲೇ. ಮನಿ ಹಾಳಾಗತೈತಿ."

"ಖರೇ ಐತ್ರೀ ಅವ್ವಾರ," ಎಂದಳು ವರದಾ. "ತಲವಾರ ನಾಳಿ ಒಯ್ತೇವಿ, ಅಲ್ಲೀತನಕ ನಮ್ಮ ಪೊಲೀಸರು ಕಾಯತಾರ. ಹುಡುಗರನ್ನ ಮುಟ್ಟಬಾರದಂತ ಶಾಸ್ತ್ರ ಇಲ್ಲಲ್ಲರಿ."

ಮರುದಿನ ದಸರೆಗೆ ಊರೆಲ್ಲ ಬನ್ನಿಗಿಡದ ಕಡೆ ಸೀಮೋಲ್ಲಂಘನಕ್ಕೆ ಹೊರಟಿತು. ಯಲ್ಲೇಶನ ಗುಂಪು ಮಾತ್ರ ಹಿಂಡಲಗಾ ಜೈಲಿನ ಸೀಮೆ ದಾಟಿತು.